ಶನಿವಾರದ ಅಕ್ಕಂದಿರು

ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ನಾಲ್ಕು ಮಕ್ಕಳ ಒಂದು ಗುಂಪು ಮಾಡಿ, ಒಂದು ಮೋಟಾರು, ಒಂದಿಷ್ಟು ವಯರು, ಎರಡು ಮೀಟರು ಕೊಟ್ಟು ನೀವು ದೂರ ನಿಂತು ನೋಡಿ. ಐದು ನಿಮಿಷದೊಳಗೆ ಒಬ್ಬರ ಕೈಗೆ ಪೆನ್ನು ಬಂದಿರುತ್ತದೆ. ಉಳಿದವರು ವಯರು ಸಿಕ್ಕಿಸುತ್ತಾರೆ, ಸ್ವಿಚ್ಚು ಹಾಕುತ್ತಾರೆ, ಮೀಟರು ಓದಿ ಕೂಗುತ್ತಾರೆ. ಪೆನ್ನಿನವರು ಬರೆದುಕೊಳ್ಳುತ್ತಾರೆ. ಗುಂಪಿನಲ್ಲಿ ಒಬ್ಬಳೇ ಹುಡುಗಿ ಇದ್ದರೆ ಪೆನ್ನು ಯಾರ ಕೈಯಲ್ಲಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಹೊಸದಾಗಿ ಇನ್‌ಸ್ಟ್ರಕ್ಟರ್ ಕೆಲಸಕ್ಕೆ ಸೇರಿದವರು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು. ಅದಕ್ಕೆ ಒಬ್ಬಳು ಹುಡುಗಿ ಫೇಲಾಗಬೇಕಾಯಿತು.

೧೯೯೭ರಲ್ಲಿ ನಾನು ಕುಂದಾಪುರದ ಕಡೆಯ ಒಂದು ಪಾಲಿಟೆಕ್ನಿಕ್ಕಿನ ಎಲೆಕ್ಟ್ರಿಕಲ್ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಸೇರಿದೆ. ಮನೆ ಬ್ರಹ್ಮಾವರದಲ್ಲಿ. ದಿನಾ ಬೆಳಿಗ್ಗೆ ಹೆದ್ದಾರಿಯ ಬಸ್ಸು ಹತ್ತಿ, ಕುಂದಾಪುರದಲ್ಲಿ ಇಳಿದು, ಹೆಮ್ಮಾಡಿ ಕಡೆಯ ಇನ್ನೊಂದು ಬಸ್ಸು ಹಿಡಿಯುತ್ತಿದ್ದೆ. ವರ್ಕ್‌ಶಾಪಿನ ಕಟ್ಟಡದಲ್ಲಿ ನಾನೊಬ್ಬಳೇ ಹೆಂಗಸು. ಹೆಂಗಸರ ಶೌಚಾಲಯಕ್ಕೆ ಆಟದ ಮೈದಾನ ದಾಟಿ ಆಫೀಸಿನ ಕಟ್ಟಡಕ್ಕೆ ಹೋಗಬೇಕಿತ್ತು. ಮಳೆಗಾಲದಲ್ಲಿ ಹೋಗಿ ಬರುವಷ್ಟರಲ್ಲಿ ಸೀರೆಯ ಅಂಚೂ ಕೈಯೂ ಒದ್ದೆ. ಅದೇ ಕೈಯಲ್ಲಿ ಮೂರು ಫೇಸಿನ ಬೋರ್ಡು ಮುಟ್ಟಬೇಕು.

ವರ್ಕ್‌ಶಾಪಿನ ಮೇಲಧಿಕಾರಿ ಐತಾಳ್ ಸರ್. ಎತ್ತರದ ಆಳು, ಮಾತು ಕಡಿಮೆ, ನಿಯಮ ಎಂದರೆ ನಿಯಮ. ಹುಡುಗರ ಅಂಗಿಯ ಗುಂಡಿ ಒಂದು ಹಾಕದಿದ್ದರೂ ಲೇತ್ ಮೆಷಿನ್ ಮುಟ್ಟಲು ಬಿಡುತ್ತಿರಲಿಲ್ಲ. ಮೊದಲ ದಿನ ನನ್ನನ್ನು ಕರೆದು ಅವರು ಆಡಿದ ಮಾತು ಇಷ್ಟೇ:

“ವನಜಾ, ಕರೆಂಟಿಗೆ ಗಂಡ್ ಹೆಣ್ಣ್ ಅಂದೇಳಿ ಇಲ್ಲ. ತಪ್ಪ್ ಮಾಡ್ರೆ ಎಲ್ರಿಗೂ ಒಂದೇ ನಮೂನಿ ಹೊಡೀತ್ತ್. ಜಾಗ್ರತೆ ಮಾಡಿ.”

ಅದು ಧೈರ್ಯ ಹೇಳಿದ್ದೋ ಹೆದರಿಸಿದ್ದೋ ಎಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ.

ಆ ವರ್ಷ ಎಲೆಕ್ಟ್ರಿಕಲ್ಲಿಗೆ ಸೇರಿದ ಒಬ್ಬಳೇ ಹುಡುಗಿ ಜಲಜ. ಬೈಂದೂರು ಕಡೆಯ ಮೀನುಗಾರರ ಮನೆಯವಳು. ತಾಯಿ ಬಂದರಿನಲ್ಲಿ ಮೀನು ಕೊಂಡು ಬುಟ್ಟಿ ಹೊತ್ತು ಮಾರುತ್ತಿದ್ದರು. ಜಲಜಳ ಅಕ್ಷರ ಮುತ್ತಿನಂತೆ. ಅವಳ ಲ್ಯಾಬ್ ರೆಕಾರ್ಡು ನೋಡಿದರೆ ಸಂತೋಷವಾಗುತ್ತಿತ್ತು. ಗೆರೆ ನೇರ, ಚಿತ್ರ ಅಚ್ಚುಕಟ್ಟು, ಒಂದು ಚಿತ್ತುಕಾಟೂ ಇಲ್ಲ. ನಾನು ಅದನ್ನು ಎತ್ತಿ ಹಿಡಿದು ಉಳಿದವರಿಗೆ ತೋರಿಸುತ್ತಿದ್ದೆ. “ಜಲಜನ್ ಕಂಡ್ ಕಲೀನಿ” ಎನ್ನುತ್ತಿದ್ದೆ. ಮೂರು ವರ್ಷ ಹೀಗೇ ಹೊಗಳಿದೆ.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಗುಂಪು ಇರುವುದಿಲ್ಲ, ಒಬ್ಬೊಬ್ಬರೇ ಮಾಡಬೇಕು. ಜಲಜಳಿಗೆ ಬಂದದ್ದು ಸ್ಟಾರ್-ಡೆಲ್ಟಾ ಸ್ಟಾರ್ಟರ್. ದೊಡ್ಡ ಮೋಟಾರನ್ನು ಒಮ್ಮೆಲೇ ಎಳೆಯದೆ ಮೆಲ್ಲನೆ ಎಬ್ಬಿಸಿ ಓಡಿಸುವ ಸಲಕರಣೆ ಅದು. ಅವಳು ಕಾಗದದ ಮೇಲೆ ಚಿತ್ರವನ್ನು ಹತ್ತು ನಿಮಿಷದಲ್ಲಿ ಬರೆದಳು. ಪುಸ್ತಕದಲ್ಲಿದ್ದದ್ದಕ್ಕಿಂತ ಚೆನ್ನಾಗಿತ್ತು. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಮೋಟಾರಿನ ಎದುರು ನಿಂತಳು. ಹಾಗೇ ನಿಂತಳು. ವಯರಿನ ತುದಿ ಸುಲಿಯಲು ಹೋದಳು, ತಾಮ್ರವೇ ತುಂಡಾಯಿತು. ಇನ್ನೊಂದು ಸುಲಿದಳು, ಸ್ಕ್ರೂ ಕೈ ಜಾರಿ ಕೆಳಗೆ ಬಿತ್ತು. ಕೈ ನಡುಗುವುದು ನನಗೆ ದೂರದಿಂದಲೇ ಕಾಣುತ್ತಿತ್ತು. ಪರೀಕ್ಷೆಯ ಹೊತ್ತಿನಲ್ಲಿ ನಾನು ಒಂದು ಮಾತೂ ಆಡುವ ಹಾಗಿರಲಿಲ್ಲ. ಸಮಯ ಮುಗಿಯಿತು.

ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ನಾನು ಹತ್ತಿರ ಹೋಗಿ, “ಎಂತ ಆಯ್ತ್ ಜಲಜಾ? ನಿಂಗೆ ಎಲ್ಲ ಬತ್ತಿತ್ತಲ್ಲ?” ಎಂದೆ.

“ಬರಿಯುಕೆ ಬತ್ತಿತ್ತ್ ಮೇಡಂ” ಎಂದಳು. “ಮೂರ್ ವರ್ಷ ನಾ ಬರದ್ದೇ ಬರದ್ದ್. ಈ ಕೈಯಗೆ ಒಂದ್ ಸ್ಕ್ರೂ ತಿರ್ಗಿಸ್ಲಿಲ್ಲೆ. ನೀವೂ ಕಾಂತಾ ಇದ್ರಿ ಅಲ್ದಾ?”

ನನ್ನ ವೃತ್ತಿಯಲ್ಲಿ ನನಗೆ ಬಂದ ದೊಡ್ಡ ಮೆಮೋ ಅದು. ಆಫೀಸಿನಿಂದ ಬಂದದ್ದಾಗಿದ್ದರೆ ಉತ್ತರ ಬರೆಯಬಹುದಿತ್ತು. ಹೌದು, ನಾನೂ ನೋಡುತ್ತಿದ್ದೆ. ಕಂಡದ್ದು ಅಕ್ಷರವನ್ನು ಮಾತ್ರ.

ಮರುದಿನ ಐತಾಳ್ ಸರ್ ಹತ್ತಿರ ಹೋಗಿ, ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಲ್ಯಾಬು ತೆರೆದಿಡುತ್ತೇನೆ, ಹುಡುಗಿಯರಿಗೆ ಮಾತ್ರ, ಬೀಗದ ಕೈ ಕೊಡಿ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. “ನಿಮ್ಗೆ ಸಂಬಳ ಸಿಕ್ಕುದಿಲ್ಲ ಅದಕ್ಕೆ” ಎಂದರು. “ಗೊತ್ತಿತ್ತ್ ಸರ್” ಎಂದೆ. ಬೀಗದ ಕೈ ಮೇಜಿನ ಮೇಲೆ ಇಟ್ಟರು.

ಮೊದಲ ಶನಿವಾರ ಬಂದವಳು ಜಲಜ ಒಬ್ಬಳೇ. ಮರುಪರೀಕ್ಷೆಗೆ ಆರು ತಿಂಗಳಿತ್ತು. ಪೆನ್ನು, ಪುಸ್ತಕ ಎರಡೂ ಹೊರಗಿಡಲು ಹೇಳಿದೆ. ವಯರು ಸುಲಿಯುವುದರಿಂದ ಶುರು. ನೂರು ಸಲ ಸುಲಿದಳು. ಮೂರನೇ ವಾರ ಜೂನಿಯರ್ ಹುಡುಗಿಯರು ಇಬ್ಬರು ಬಂದರು. ಅವರಿಗೆ ವಯರು ಸುಲಿಯುವುದನ್ನು ನಾನು ತೋರಿಸಲು ಎದ್ದೆ. ಜಲಜ, “ನೀವ್ ಕೂಕಣಿ ಮೇಡಂ, ನಾ ಹೇಳ್ತೆ” ಎಂದಳು. ಹೇಳಿಕೊಟ್ಟಳು. ನಾನು ಹೇಳುವುದಕ್ಕಿಂತ ಚೆನ್ನಾಗಿ ಹೇಳಿದಳು. ಯಾಕೆಂದರೆ ಎಲ್ಲಿ ಕೈ ನಡುಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ನನಗೆ ಮರೆತು ಹೋಗಿತ್ತು.

ಹಾಗೆ ಶುರುವಾದದ್ದು ಅಕ್ಕನ ಪದ್ಧತಿ. ಹೊಸದಾಗಿ ಬರುವ ಪ್ರತಿ ಹುಡುಗಿಗೂ ಮೇಲಿನ ತರಗತಿಯ ಒಬ್ಬಳು ಅಕ್ಕ. ಲ್ಯಾಬಿನ ಕೆಲಸ ಕಲಿಸುವುದು ಅಕ್ಕನ ಜವಾಬ್ದಾರಿ. ಬಸ್ಸಿನಲ್ಲಿ ತೊಂದರೆ ಕೊಡುವವರನ್ನು ಹೇಗೆ ನಿಭಾಯಿಸಬೇಕು, ಮನೆಯವರು ಮದುವೆ ಎಂದರೆ ಏನು ಹೇಳಬೇಕು ಎನ್ನುವುದೆಲ್ಲ ಅದರ ಜೊತೆಯಲ್ಲಿ ತಾನಾಗಿ ಸೇರಿಕೊಂಡಿತು. ಅದಕ್ಕೆ ನಾನು ಯಾವ ನಿಯಮವನ್ನೂ ಬರೆಯಲಿಲ್ಲ.

ಆ ಆರು ತಿಂಗಳ ನಡುವೆ ಒಂದು ದಿನ ಜಲಜಳ ಮನೆಗೆ ಹೋಗಿದ್ದೆ. ಅವಳ ತಾಯಿ ಬಂದರಿನಲ್ಲಿದ್ದಾರೆ ಎಂದು ತಿಳಿದು ಇಬ್ಬರೂ ಅಲ್ಲಿಗೇ ನಡೆದೆವು. ದೋಣಿಗಳು ಬಂದಿದ್ದವು, ಮೀನು ರಾಶಿ ಬಿದ್ದಿತ್ತು. ಆದರೆ ಮಂಜುಗಡ್ಡೆಯ ಕಾರ್ಖಾನೆಯ ಎದುರು ಜನ ಸುಮ್ಮನೆ ನಿಂತಿದ್ದರು. ಒಳಗಿನ ದೊಡ್ಡ ಮೋಟಾರು ತಿರುಗುತ್ತಿರಲಿಲ್ಲ, ಬರೀ ‘ಹೂಂ’ ಎಂದು ಗುಂಯ್‌ಗುಡುತ್ತಿತ್ತು. ಅಲ್ಲಿದ್ದವನೊಬ್ಬ ಸ್ವಿಚ್ಚು ತೆಗೆದು ಹಾಕಿ, ತೆಗೆದು ಹಾಕಿ ನೋಡುತ್ತಿದ್ದ.

ಜಲಜ ನನ್ನ ಕೈ ಬಿಟ್ಟು ಓಡಿದಳು.

“ಬಂದ್ ಮಾಡಿ! ಮೊದ್ಲ್ ಬಂದ್ ಮಾಡಿ! ಒಂದ್ ಫೇಸ್ ಬತ್ತಿಲ್ಲ, ಮೋಟ್ರ್ ಸುಡತ್ತ್!”

“ಹ್ವಾಯ್, ಆ ಹೆಣ್ಣಿನ್ ಆಚಿಗೆ ಕಳ್ಸಿ, ಕರೆಂಟ್ ಹೊಡೀತ್ತ್!” ಎಂದು ಮಾಲೀಕರು ಕೂಗಿದರು. ಅಷ್ಟರಲ್ಲಿ ಅವಳು ಮೇನ್ ಸ್ವಿಚ್ಚು ಎಳೆದಾಗಿತ್ತು. ಫ್ಯೂಸಿನ ಪೆಟ್ಟಿಗೆ ತೆರೆದಳು. ಮೂರರಲ್ಲಿ ಮಧ್ಯದ್ದು ಕಪ್ಪಾಗಿತ್ತು. ನನ್ನತ್ತ ತಿರುಗಿ ನೋಡಿದಳು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ. ಸಹಾಯ ಮಾಡಲು ನನ್ನ ಕೈ ಎಷ್ಟು ಚಡಪಡಿಸುತ್ತಿತ್ತು ಎಂದು ನನಗೇ ಗೊತ್ತು. ಅವಳು ಹೊಸ ಫ್ಯೂಸ್ ವಯರು ಕೇಳಿ ತೆಗೆದುಕೊಂಡಳು, ಕಟ್ಟಿದಳು, ಬಿಗಿದಳು, ಎಳೆದು ನೋಡಿದಳು. ಸ್ವಿಚ್ಚು ಹಾಕಿದಾಗ ಮೋಟಾರು ಒಮ್ಮೆ ನರಳಿ ತಿರುಗತೊಡಗಿತು.

ಮೀನಿನ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರಲ್ಲಿ ಅವಳ ತಾಯಿಯೂ ಇದ್ದರು. ಅವರು ಮಗಳನ್ನು ನೋಡುತ್ತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಮುದ್ರವನ್ನು ದಿನಾ ಕಾಣುವ ಹೆಂಗಸು. ಅವರ ಬಾಯಿ ಅರ್ಧ ತೆರೆದೇ ಇತ್ತು. ಜಲಜ ಪಾಸಾಗಿ ಮುಂದೆ ಅದೇ ಕಾರ್ಖಾನೆಯಲ್ಲಿ ಎರಡು ವರ್ಷ ಯಂತ್ರ ನೋಡಿಕೊಂಡಳು. ಆಮೇಲೆ ಕಾರವಾರದ ಕಡೆ ಒಳ್ಳೆಯ ಕೆಲಸ ಸಿಕ್ಕಿ ಹೋದಳು.

ವರ್ಷಗಳು ಹೋದವು. ಮುಳ್ಳಿನ ಮೀಟರು ಹೋಗಿ ಅಂಕೆ ತೋರಿಸುವ ಮೀಟರು ಬಂತು. ಕಂಪ್ಯೂಟರಿನ ಪರದೆಯ ಮೇಲೆಯೇ ಮೌಸು ಹಿಡಿದು ಮೋಟಾರಿಗೆ ವಯರು ಜೋಡಿಸುವ ಪಾಠ ಬಂತು. ಅದು ಒಳ್ಳೆಯದೇ, ಯಾರಿಗೂ ಶಾಕ್ ಹೊಡೆಯುವುದಿಲ್ಲ. ಆದರೆ ಪರದೆಯ ಮೇಲೆ ಒಂದೂ ತಪ್ಪು ಮಾಡದವರು ನಿಜವಾದ ಟರ್ಮಿನಲ್ ಮುಟ್ಟುವಾಗ ಹಿಂದೆ ಸರಿಯುವುದನ್ನು ನಾನು ಕಂಡೆ. ಹಾಗಾಗಿ ಶನಿವಾರ ನಿಲ್ಲಲಿಲ್ಲ. ಎರಡು ಸಾವಿರದ ಹತ್ತು ದಾಟುವಾಗ ಹುಡುಗಿಯರು ಹದಿನೈದು ಇಪ್ಪತ್ತು ಜನ ಬರುತ್ತಿದ್ದರು. ಐತಾಳ್ ಸರ್ ಅಷ್ಟರಲ್ಲಿ ಪ್ರಿನ್ಸಿಪಾಲರಾಗಿದ್ದರು.

ಆಗ ಬಂದವಳು ಕಿರಣ, ಕೊಕ್ಕರ್ಣೆಯ ಕೃಷಿಕರ ಮನೆಯಿಂದ. ದಾಖಲೆಯಲ್ಲಿ ಗಂಡು ಎಂದಿತ್ತು. ಆ ದಿನಗಳಲ್ಲಿ ನಾನೂ ‘ಅವನು’ ಎಂದೇ ಕರೆಯುತ್ತಿದ್ದೆ. ಈ ಬರಹದಲ್ಲಿ ಶುರುವಿನಿಂದಲೇ ‘ಅವಳು’ ಎಂದು ಬರೆಯುತ್ತೇನೆ. ಬರೆಯಬಹುದೇ ಎಂದು ಅವಳನ್ನು ಕೇಳಿದ್ದೇನೆ.

ಕಿರಣ ಮೊದಲ ವರ್ಷದಲ್ಲಿ ಗಂಡುಹುಡುಗರ ಗುಂಪಿನಲ್ಲಿದ್ದಳು. ಮೆಲ್ಲನೆ ಮಾತಾಡುತ್ತಿದ್ದಳು, ನಡೆಯುವುದನ್ನು ನೋಡಿ ಹುಡುಗರು ನಗುತ್ತಿದ್ದರು. ಗುಂಪಿನಲ್ಲಿ ಅವಳ ಕೈಗೆ ಪೆನ್ನು ಕೊಟ್ಟಿದ್ದರು. ಒಂದು ಶುಕ್ರವಾರ ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದಳು.

“ಮೇಡಂ, ನಂಗೂ ಒಂದ್ ಅಕ್ಕ ಸಿಕ್ಕತ್ತಾ?”

“ಎಂತ ಅಕ್ಕ?” ಎಂದೆ.

“ಶನಿವಾರ ನಾನೂ ಬತ್ತೆ. ಹುಡ್ಗರ ಗುಂಪಗೆ ನಂಗೆ ಮುಟ್ಟುಕೇ ಬಿಡುದಿಲ್ಲ.”

ನಾನು ನಕ್ಕುಬಿಟ್ಟೆ. ಕೆಟ್ಟ ಮನಸ್ಸಿನಿಂದಲ್ಲ, ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. “ಅದ್ ಹೆಣ್ಮಕ್ಳಿಗೆ ಮಾತ್ರ ಮಾಣಿ. ನೀನ್ ಗಂಡ್ಸ್, ಜೋರ್ ಮಾಡಿ ಕೇಣ್ಕ್” ಎಂದೆ. ಮಾಣಿ ಎಂದರೆ ನಮ್ಮ ಕಡೆ ಹುಡುಗ. ಪ್ರೀತಿಯ ಮಾತು. ಅವಳು “ಆಯ್ತ್ ಮೇಡಂ” ಎಂದು ಹೋದಳು. ಸೋಮವಾರ ಬರಲಿಲ್ಲ. ಆ ವಾರ ಇಡೀ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ.

ಜಲಜ ಗೋಡೆಗೆ ಒರಗಿ ನಿಂತದ್ದು ನೆನಪಾಗಿ ನನಗೆ ನಿದ್ದೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಕೊಕ್ಕರ್ಣೆಯ ಬಸ್ಸು ಹತ್ತಿದೆ.

ವಿಚಾರಿಸಿ ಮನೆ ಹುಡುಕಿ ಹೋದಾಗ ಅವಳ ತಾಯಿ ಪದ್ದಕ್ಕ ದನಕ್ಕೆ ಹುಲ್ಲಿನ ಹೊರೆ ಹೊತ್ತು ಗದ್ದೆಯಿಂದ ಬರುತ್ತಿದ್ದರು. ತಂದೆ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು, ವರ್ಷಕ್ಕೊಮ್ಮೆ ಬರುವವರು. ನಾನು ಯಾರೆಂದು ಹೇಳಿದೆ.

“ಕಾಲೇಜಿನ್ ಟೀಚರಾ? ಬನ್ನಿ, ಕೂಕಣಿ” ಎಂದು ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟರು. “ಅದ್ ಗದ್ದಿ ಬದಿಗೆ ಇತ್ತ್. ಹದ್ನೈದ್ ದಿನ ಆಯ್ತ್, ಸಮಾ ಉಂಬುದಿಲ್ಲ. ಎಂತ ಆಯ್ತ್ ಕೇಂಡ್ರೆ ಬಾಯಿ ಬಿಡುದಿಲ್ಲ.”

ಇಲ್ಲಿ ಒಂದು ವಿಷಯ ಹೇಳಬೇಕು. ಕುಂದಾಪುರ ಕಡೆಯ ಮನೆಮಾತಿನಲ್ಲಿ ಹುಡುಗಿಯರ ಬಗ್ಗೆ ‘ಅವಳು ಬಂದಳು’ ಎನ್ನುವುದಿಲ್ಲ, ‘ಅದ್ ಬಂತ್’ ಎನ್ನುತ್ತೇವೆ. ಅಕ್ಕ, ತಂಗಿ, ಮಗಳು ಎಲ್ಲರೂ ‘ಅದ್’. ಗಂಡುಮಕ್ಕಳು ‘ಅಂವ’. ಹೊರಗಿನವರ ಕಿವಿಗೆ ಒರಟಾಗಿ ಕೇಳಬಹುದು, ನಮಗೆ ಅದು ಸಲುಗೆ. ಹಾಗಾಗಿ ಪದ್ದಕ್ಕ ಮಗಳೊಬ್ಬಳ ವಿಷಯ ಹೇಳುತ್ತಿದ್ದಾರೆ ಎಂದುಕೊಂಡೆ.

“ನಿಮ್ಗೆ ಮಗಳೂ ಇತ್ತಾ? ನಾ ಬಂದದ್ ಕಿರಣನ್ ಕಾಂಬುಕೆ” ಎಂದೆ.

ಪದ್ದಕ್ಕ ದಾರಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, “ನಾ ಕಿರಣನ್ ಸುದ್ದಿಯೇ ಹೇಳುದ್ ಟೀಚರೆ” ಎಂದರು.

ನಾನು ಲೋಟ ಕೆಳಗಿಟ್ಟೆ.

“ನಾಲ್ಕೈದ್ ವರ್ಷದ್ ಮಗು ಆಪತಿಗೇ ನಂಗೆ ಗೊತ್ತಾಯ್ತ್. ಅದ್ರ್ ಅಪ್ಪಯ್ಯ ಬಂದಾಗ ಅಂವ ಅಂಬುದ್. ಊರವ್ರ ಎದ್ರಿಗೂ ಅಂವ. ನಾವಿಬ್ರೇ ಇಪ್ಪತಿಗೆ ಅದ್. ಹಾಂಗ್ ಕರ್ದ್ರೆ ಅದ್ರ್ ಮುಖ ಕಾಣ್ಕ್ ನೀವ್.”

“ನಿಮ್ಗೆ ಯಾರ್ ಹೇಳ್ರ್ ಇದೆಲ್ಲ?”

“ಯಾರ್ ಹೇಳ್ಕ್? ನಂಗೆ ಶಾಲಿ ಇಲ್ಲ. ಹೆತ್ತದ್ ನಾನಲ್ದಾ, ಅಷ್ಟ್ ತಿಳೀದಾ?”

ಮೂವತ್ತು ವರ್ಷ ಓದಿದ, ಓದಿಸಿದ ನಾನು ಆ ಹುಲ್ಲಿನ ಹೊರೆಯ ಪಕ್ಕದಲ್ಲಿ ಕೂತು ಆ ಹೆಂಗಸನ್ನು ನೋಡಿದೆ. ಇದಕ್ಕೊಂದು ಹೆಸರು ಬೇಕು, ಪುಸ್ತಕ ಬೇಕು, ಡಾಕ್ಟರು ಬೇಕು ಎಂದು ನಾನಾದರೆ ಹುಡುಕುತ್ತಿದ್ದೆ. ಅವರು ನಮ್ಮ ಮಾತಿನಲ್ಲಿ ಮೊದಲೇ ಇದ್ದ ಒಂದು ಸಣ್ಣ ಪದವನ್ನು ಎತ್ತಿ ಮಗುವಿಗೆ ಕೊಟ್ಟಿದ್ದರು. ಹನ್ನೆರಡು ವರ್ಷ ಅದನ್ನು ಯಾರಿಗೂ ಕೇಳಿಸದಂತೆ ಕಾಪಾಡಿದ್ದರು.

ಕಿರಣ ಬಂದಾಗ ಕಾಲೆಲ್ಲ ಕೆಸರು. ನನ್ನನ್ನು ಕಂಡು ಅಂಗಳದಲ್ಲೇ ನಿಂತಳು.

“ನಾ ತಪ್ಪ್ ಹೇಳ್ದೆ ಕಿರಣ” ಎಂದೆ. “ನೀನ್ ಕೇಂಡದ್ ನಂಗೆ ತಿಳೀಲಿಲ್ಲ.”

“ನೀವ್ ಬೈಲಿಲ್ಲ ಮೇಡಂ” ಎಂದಳು. “ಆರೆ ನಾ ಹೊರ್ಗಿನವ್ರ ಹತ್ರ ಬಾಯ್ ಬಿಟ್ ಕೇಂಡದ್ ಅದೇ ಮೊದ್ಲ್.”

ಮುಂದಿನ ಶನಿವಾರ ಕಿರಣ ಬರುವ ಮೊದಲು ಹುಡುಗಿಯರನ್ನು ಕೂರಿಸಿ ವಿಷಯ ಹೇಳಿದೆ. ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ದಾರಿಯಿಡೀ ಅಭ್ಯಾಸ ಮಾಡಿಕೊಂಡಿದ್ದೆ. ಎರಡು ವಾಕ್ಯ ಹೇಳುವಷ್ಟರಲ್ಲಿ ತಲ್ಲೂರಿನ ಶ್ವೇತ, ಕೊನೆಯ ವರ್ಷದವಳು, ಕೈ ಎತ್ತಿದಳು.

“ಮೇಡಂ, ನಂಗೆ ಈ ವರ್ಷ ತಂಗಿ ಯಾರೂ ಸಿಕ್ಲಿಲ್ಲ. ನಾ ಅಕ್ಕ ಆತೆ.”

ಇಷ್ಟೇ. ನನ್ನ ಉಳಿದ ಭಾಷಣ ಹಾಗೇ ಉಳಿಯಿತು.

ಆದರೆ ಎಲ್ಲ ಕಡೆ ಅಷ್ಟು ಸುಲಭವಾಗಲಿಲ್ಲ. ತಿಂಗಳೊಳಗೆ ಪೋಷಕರೊಬ್ಬರಿಂದ ದೂರು ಬಂತು. ಹೆಣ್ಣುಮಕ್ಕಳ ತರಗತಿಗೆ ಗಂಡು ಹುಡುಗನನ್ನು ಸೇರಿಸುತ್ತಾರೆ, ಕ್ರಮ ತೆಗೆದುಕೊಳ್ಳಿ ಎಂದು. ಐತಾಳ್ ಸರ್ ನನ್ನನ್ನು ಕರೆದು ಪತ್ರ ತೋರಿಸಿದರು.

“ಹುಡ್ಗಿರಿಗೆ ಮಾತ್ರ ಅಂದೇಳಿ ನೀವೇ ಬೀಗದ್ ಕೈ ಕೊಂಡೋದ್ದಲ್ದಾ?”

“ಹೌದ್ ಸರ್. ಈಗ್ಳೂ ಹುಡ್ಗಿರಿಗೇ.”

ಅವರು ಪತ್ರವನ್ನು ಮಡಚಿ ಮೇಜಿನೊಳಗೆ ಇಟ್ಟರು. ನಿಜ ಹೇಳುತ್ತೇನೆ, ಆ ವಾರ ನನ್ನ ಮನಸ್ಸು ಅಲ್ಲಾಡಿತು. ಒಬ್ಬಳಿಗಾಗಿ ಇಪ್ಪತ್ತು ಹುಡುಗಿಯರ ಶನಿವಾರ ನಿಂತುಹೋದರೆ? ಕಿರಣಳಿಗೆ ಬೇರೆ ದಿನ, ಬೇರೆ ಕೋಣೆಯಲ್ಲಿ ಒಬ್ಬಳಿಗೇ ಹೇಳಿಕೊಟ್ಟರೆ ಆಗದೇ ಎಂದು ಶ್ವೇತಳ ಹತ್ತಿರ ಮೆಲ್ಲನೆ ಕೇಳಿದೆ. ಅವಳು ಸ್ಪ್ಯಾನರು ಒರೆಸುತ್ತಿದ್ದಳು. “ಆಗ ನಾವ್ ಇಪ್ಪತ್ತ್ ಜನ ಆ ಕೋಣಿಗೆ ಬತ್ತೊ ಮೇಡಂ” ಎಂದಳು. ತಲೆ ಎತ್ತಲೂ ಇಲ್ಲ.

ಆ ಶನಿವಾರ ಐತಾಳ್ ಸರ್ ತಾವೇ ಲ್ಯಾಬಿಗೆ ಬಂದರು. ಹಿಂದಿನ ಬೆಂಚಿನಲ್ಲಿ ಕೂತರು. ಎರಡೂವರೆ ಗಂಟೆ ನೋಡಿದರು. ಹುಡುಗಿಯರು ಹೆದರಿದ್ದರೂ ಕೆಲಸ ನಡೆಯಿತು. ಶ್ವೇತ ಹೇಳುತ್ತಿದ್ದಳು, ಕಿರಣ ಮಾಡುತ್ತಿದ್ದಳು, ತಪ್ಪಿದರೆ ಬಿಚ್ಚಿ ಮತ್ತೆ ಮಾಡುತ್ತಿದ್ದಳು. ಕೊನೆಗೆ ಸರ್ ಎದ್ದು ಬಂದು, ಕಿರಣ ಬಿಚ್ಚಿಟ್ಟಿದ್ದ ರಬ್ಬರ್ ಗ್ಲೌಸನ್ನು ಕೈಯಲ್ಲಿ ಹಿಡಿದು ನೋಡಿದರು.

“ಇದೆಲ್ಲ ಮಕ್ಳಿಗೆ ದೊಡ್ಡ ಆಯ್ತಲ್ಲ ವನಜಾ. ಜಾರತ್ತ್. ಇಷ್ಟ್ ವರ್ಷ ಹೇಳ್ಲಿಲ್ಲ ನೀವ್?”

ನಾನೂ ಗಮನಿಸಿರಲಿಲ್ಲ. ಸ್ಟೋರಿನಲ್ಲಿದ್ದದ್ದೆಲ್ಲ ದೊಡ್ಡ ಗಂಡಸರ ಅಳತೆಯದ್ದು. ಎರಡು ವಾರದಲ್ಲಿ ಸಣ್ಣ ಅಳತೆಯ ಗ್ಲೌಸು ಬಂತು. ಸರ್ ಸ್ಟೋರಿಗೆ ಬರೆದ ಚೀಟಿಯಲ್ಲಿ ‘ಶನಿವಾರದ ವಿದ್ಯಾರ್ಥಿನಿಯರಿಗೆ’ ಎಂದು ಬರೆದು ಸಂಖ್ಯೆ ಹಾಕಿದ್ದರು. ಎಣಿಸಿ ನೋಡಿದೆ. ಕಿರಣಳನ್ನೂ ಸೇರಿಸಿ ಲೆಕ್ಕ ಸರಿಯಾಗಿತ್ತು. ದೂರಿಗೆ ಅವರು ಏನು ಉತ್ತರ ಬರೆದರೋ ನನಗೆ ಗೊತ್ತಿಲ್ಲ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಕಿರಣ ತುಂಬ ಬುದ್ಧಿವಂತೆ ಎಂದು ನೀವು ಅಂದುಕೊಳ್ಳಬಾರದು. ಹಾಗೆ ಹೇಳಿದರೆ ಕಥೆ ಚಂದವಾಗುತ್ತದೆ, ಆದರೆ ಅದು ನಿಜವಲ್ಲ. ಲೆಕ್ಕದಲ್ಲಿ ಹಿಂದೆ. ಒಂದು ವಿಷಯ ಎರಡು ಸಲ ಬರೆದು ಪಾಸಾದಳು. ಎಲ್ಲರಂತೆ ಕಲಿಯುವವಳು ಎಲ್ಲರಂತೆ ಕಲಿಯಲು ಎಷ್ಟು ಕಷ್ಟಪಡಬೇಕಾಯಿತು ಎನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಮೂರು ವರ್ಷದಲ್ಲಿ ಅವಳ ಕೂದಲು ಉದ್ದವಾಯಿತು, ಕಿವಿಗೆ ಸಣ್ಣ ಓಲೆ ಬಂತು. ತಂದೆ ಒಂದು ವರ್ಷ ಮಾತು ಬಿಟ್ಟರು. ಕಾಲೇಜಿನ ದಾರಿಯಲ್ಲಿ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವಳು ಒಂದು ಶನಿವಾರವೂ ತಪ್ಪಿಸಲಿಲ್ಲ.

ಕೊನೆಯ ಪ್ರಾಕ್ಟಿಕಲ್ಲಿನ ದಿನ ಹೊರಗಿನಿಂದ ಬಂದ ಪರೀಕ್ಷಕರು ಹಾಲ್ ಟಿಕೆಟಿನ ಫೋಟೋ ನೋಡಿದರು, ಎದುರು ನಿಂತವಳನ್ನು ನೋಡಿದರು. ಸೇರುವಾಗ ಕೊಟ್ಟ ಹಳೆಯ ಫೋಟೋದಲ್ಲಿ ಗಿಡ್ಡ ಕೂದಲಿನ ಹುಡುಗ. ಎದುರಲ್ಲಿ ಜಡೆ ಹಾಕಿದವಳು. “ಇದು ಬೇರೆ ಯಾರೋ. ನಾನು ಒಳಗೆ ಬಿಡುವುದಿಲ್ಲ” ಎಂದರು. ಅವರು ಕೆಟ್ಟವರಲ್ಲ. ಒಬ್ಬರ ಬದಲು ಇನ್ನೊಬ್ಬರು ಪರೀಕ್ಷೆಗೆ ಕೂರುವುದನ್ನು ತಡೆಯುವುದು ಅವರ ಕೆಲಸವೇ. ನಾನು ವಿವರಿಸಲು ಹೋದೆ, ಮಾತು ತೊದಲಿತು. ಕಿರಣ ಬಾಗಿಲಲ್ಲಿ ನೆಲ ನೋಡುತ್ತ ನಿಂತಿದ್ದಳು. ಪರೀಕ್ಷೆ ತಪ್ಪಿದರೆ ಅವಳು ಮತ್ತೆ ಬರುವುದಿಲ್ಲ ಎಂದು ನನಗೆ ಒಳಗಿಂದ ಅನಿಸಿತ್ತು.

ಆಗ ಸಾಲಿನಲ್ಲಿ ಹಿಂದೆ ನಿಂತಿದ್ದ ಹುಡುಗನೊಬ್ಬ ಮುಂದೆ ಬಂದ. ಮೊದಲ ವರ್ಷ ಅವಳನ್ನು ಎಲ್ಲರಿಗಿಂತ ಹೆಚ್ಚು ಅಣಕಿಸಿದವನು ಅವನೇ.

“ಸರ್, ಅದ್ ಕಿರಣ. ಮೂರ್ ವರ್ಷದಿಂದ ನಮ್ಮೊಟ್ಟಿಗೇ ಇತ್ತ್.”

‘ಅದ್’ ಎಂದ. ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನಿಂದ ಇನ್ನಿಬ್ಬರು “ಹೌದ್ ಸರ್, ಕಿರಣವೇ” ಎಂದರು. ಆಮೇಲೆ ಸಾಲಿಗೆ ಸಾಲೇ ಹೇಳಿತು. ಗಲಾಟೆ ಕೇಳಿ ಐತಾಳ್ ಸರ್ ಬಂದರು. ಹಾಲ್ ಟಿಕೆಟ್ ಕೈಗೆ ತೆಗೆದುಕೊಂಡು ಓದಿದರು.

“ಇದ್ರಗೆ ಹೆಸ್ರ್ ಕಿರಣ. ಇಲ್ಲಿ ನಿಂತದ್ ಕಿರಣ. ನನ್ ಕಾಲೇಜಿನ್ ವಿದ್ಯಾರ್ಥಿ ಅಂದೇಳಿ ಬರ್ದ್ ಸೈ ಹಾಕ್ತೆ. ನಾಳೆ ಎಂತ ಬಂದ್ರೂ ನನ್ ತಲಿ ಮೇಲೆ.”

ಬರೆದು ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟರು. ನಿಯಮ ಬಿಟ್ಟು ಒಂದು ಹೆಜ್ಜೆ ಇಡದ ಮನುಷ್ಯ ನಿಯಮದ ಒಳಗೇ ಅಷ್ಟು ಜಾಗ ಮಾಡಿದ್ದನ್ನು ನಾನು ಬೆರಗಾಗಿ ನೋಡಿದೆ.

ಕಿರಣಳ ಪಾಲಿಗೆ ಬಂದದ್ದು ಮೂರು ಫೇಸಿನ ಮೋಟಾರನ್ನು ಬಾಣ ತೋರಿಸಿದ ದಿಕ್ಕಿಗೆ ಓಡಿಸುವುದು. ಜೋಡಿಸಿ ಸ್ವಿಚ್ಚು ಹಾಕಿದಳು. ಉಲ್ಟಾ ತಿರುಗಿತು. ಅವಳು ಸ್ವಿಚ್ಚು ತೆಗೆದಳು, ಮೋಟಾರು ಪೂರ್ತಿ ನಿಲ್ಲುವವರೆಗೆ ಕಾದಳು, ಮೂರು ವಯರಿನಲ್ಲಿ ಎರಡನ್ನು ಅದಲು ಬದಲು ಮಾಡಿದಳು, ಮತ್ತೆ ಹಾಕಿದಳು. ಸರಿಯಾಗಿ ತಿರುಗಿತು. ಆ ಕೈ ಒಮ್ಮೆಯೂ ನಡುಗಲಿಲ್ಲ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು.

ನಾನು ನಿವೃತ್ತಳಾದ ಮೇಲೆ ಒಂದು ಬೇಸಿಗೆ ನಮ್ಮ ಮನೆಯ ಬೋರ್‌ವೆಲ್ಲಿನ ಪಂಪು ಸುಟ್ಟುಹೋಯಿತು. ಬ್ರಹ್ಮಾವರದ ಅಂಗಡಿಯವನು ಮೋಟಾರು ನೋಡಿ, “ನಮ್ಮಲ್ಲಿ ಆತಿಲ್ಲ ಅಮ್ಮ. ಕೊಕ್ಕರ್ಣೆಗೆ ಕೊಂಡೋಯ್ನಿ. ಅಲ್ಲೊಬ್ರ್ ಹೆಂಗ್ಸ್ ಇದ್ರ್. ಅವ್ರ್ ಸುತ್ತಿದ್ ಮೋಟ್ರ್ ಮತ್ತೆ ಸುಡುದಿಲ್ಲ” ಎಂದ. ಯಾರು, ಏನು ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ರಿಕ್ಷಾದಲ್ಲಿ ಮೋಟಾರು ಹಾಕಿಕೊಂಡು ಹೋದೆ.

ಮನೆಯ ಪಕ್ಕ ತಗಡಿನ ಚಾವಣಿ ಇಳಿಸಿ ವರ್ಕ್‌ಶಾಪು ಮಾಡಿದ್ದಳು. ಮೂರು ನಾಲ್ಕು ಪಂಪು ಸಾಲಾಗಿ ಬಿಚ್ಚಿ ಕೂತಿದ್ದವು. ಕಿರಣ ನನ್ನನ್ನು ಕಂಡು ಎದ್ದು ಬಂದು ಕೈ ಒರೆಸಿಕೊಂಡು ಕಾಲು ಮುಟ್ಟಿದಳು. ಪದ್ದಕ್ಕ ಒಳಗಿನಿಂದ “ಟೀಚರ್ ಬಂದ್ರಾ?” ಎಂದು ಕೂಗಿದರು.

ನೀರಿನೊಳಗೆ ಮುಳುಗಿರುವ ಪಂಪಿನ ಮೋಟಾರಿಗೆ ಹೊಸ ವಯರು ಸುತ್ತುವುದು ತಾಳ್ಮೆಯ ಕೆಲಸ. ಪ್ಲಾಸ್ಟಿಕ್ ಹೊದಿಸಿದ ವಯರನ್ನು ಕಿರಿದಾದ ತೂತಿನೊಳಗೆ ಒಂದೊಂದೇ ಎಳೆಯಾಗಿ ಹಾಯಿಸಬೇಕು. ಒಂದರ ಮೇಲೊಂದು ಹತ್ತಿದರೆ, ಸಿಪ್ಪೆ ಗೀರಿದರೆ, ಮೋಟಾರು ಸುಡುತ್ತದೆ. ಎಳೆಗಳಿಗೆ ಜಾಗ ಹಿಡಿಯಲು ಎಲ್ಲರೂ ಮೊದಲು ಉಕ್ಕಿನ ಸೂಜಿ ತುಂಬಿಸಿ, ಒಂದೊಂದೇ ತೆಗೆಯುತ್ತ ವಯರು ಹಾಯಿಸುತ್ತಾರೆ. ನಾನೂ ಹಾಗೇ ಕಲಿತದ್ದು, ಹಾಗೇ ಕಲಿಸಿದ್ದು. ಕಿರಣಳ ಮೋಟಾರಿನ ತೂತುಗಳಲ್ಲಿ ಉಕ್ಕು ಇರಲಿಲ್ಲ. ತೆಂಗಿನ ಗರಿಯ ಕಡ್ಡಿಗಳಿದ್ದವು. ಹಿಡಿಸೂಡಿಯ, ಎಂದರೆ ಪೊರಕೆಯ, ಕಡ್ಡಿ.

“ಇದೆಂತ ಕಿರಣ?”

“ಸೂಜಿ ಗೀರತ್ತ್ ಮೇಡಂ. ಕಡ್ಡಿ ಗೀರುದಿಲ್ಲ. ವಯರಿನ್ ದಪ್ಪಕ್ಕೆ ಸಮಾ ಕಡ್ಡಿ ಆರ್ಸಿ, ಎಷ್ಟ್ ಸುತ್ತ್ ಬೇಕೋ ಅಷ್ಟೇ ತುಂಬ್ಸುದ್. ಒಂದ್ ಎಳ್ದ್ ಒಂದ್ ವಯರ್. ಕಡ್ಡಿ ಮುಗ್ದ್ರೆ ಸುತ್ತ್ ಮುಗ್ದ್ ಹಾಂಗೆ. ಲೆಕ್ಕ ತಪ್ಪುದಿಲ್ಲ.”

“ಯಾರ್ ಹೇಳಿ ಕೊಟ್ರ್?”

“ಯಾರಿಲ್ಲ. ಒಂದ್ ದಿನ ಅಮ್ಮ ಅಂಗ್ಳ ಗುಡ್ಸುದ್ ಕಂಡೆ.”

ಅವಳು ಒಂದು ಕಡ್ಡಿ ಎಳೆದಳು, ಅದರ ಜಾಗದಲ್ಲಿ ವಯರು ಮೆಲ್ಲನೆ ಜಾರಿ ಹೋಯಿತು. ಮತ್ತೊಂದು ಎಳೆದಳು. ನಾನು ಮೂಲೆಯಲ್ಲಿದ್ದ ಮಣೆಯನ್ನು ಎಳೆದುಕೊಂಡು ಅವಳ ಪಕ್ಕ ಕೂತೆ, ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡೆ.

“ಒಂಚೂರ್ ನಿಧಾನ ಮಾಡ್, ಕಿರಣ” ಎಂದೆ. “ನಂಗೂ ಕಲಿಯುಕೆ ಇತ್ತ್.”